ಕಾಂತಿಯ ಎಲೆ

ಹುಕ್ರಪ್ಪ ಹೊಸ ಬಿಳಿ ಬಟ್ಟೆಯ ಮಡಿಕೆ ಬಿಡಿಸಿ, ಚಾಪೆಯ ಮೇಲೆ ಮಲಗಿಸಿದ್ದ ಧರ್ಣಪ್ಪನ ಕಾಲ ಬಳಿ ಬಗ್ಗಿದಾಗ, ಗೋಡೆಗೊರಗಿ ಕುಳಿತಿದ್ದ ಸರಸ "ಸ್ವಲ್ಪ ನಿಲ್ಲಿ" ಎಂದಳು.

ಅಳುತ್ತಿದ್ದ ಹೆಂಗಸರು ಅಳು ನಿಲ್ಲಿಸಿ ಅವಳ ಮುಖ ನೋಡಿದರು. ಗಂಡನ ತಲೆಯ ಬಳಿ ಬೆಳಗಿನಿಂದ ತುಟಿ ಬಿಚ್ಚದೆ ಕುಳಿತಿದ್ದವಳು ಮೊದಲ ಸಲ ಮಾತಾಡಿದ್ದಳು. ಹುಕ್ರಪ್ಪ ಬಗ್ಗಿದವನು ಹಾಗೆಯೇ ನೆಟ್ಟಗಾದ. ಬಟ್ಟೆಯ ಒಂದು ತುದಿ ನೆಲಕ್ಕೆ ಜಾರಿತು. ಅದನ್ನು ಎತ್ತಿ ತೋಳಿನ ಮೇಲೆ ಹಾಕಿಕೊಂಡ.

ಆ ಕಡೆ ಸತ್ತವರಿಗೆ ಯಾರು ಬೇಕಾದರೂ ಹೂವು ಹಾಕಬಹುದು, ಬಾಯಿಗೆ ನೀರು ಬಿಡಬಹುದು. ಹೊಸ ಬಿಳಿ ಬಟ್ಟೆ ಹೊದೆಸುವುದು ಮಾತ್ರ ನೆಂಟರ ಹಕ್ಕು. ಹೆಣ್ಣು ಕೊಟ್ಟು ತಂದುಕೊಂಡ ಮನೆಯವರದು. ಬೆಳ್ತಂಗಡಿ ಕಡೆಯ ಹುಕ್ರಪ್ಪನಿಗೂ ಮಾಣಿಯಲ್ಲಿ ಸೈಕಲ್ ಶಾಪ್ ಇಟ್ಟಿದ್ದ ಧರ್ಣಪ್ಪನಿಗೂ ಅಂಥ ನೆಂಟಸ್ತಿಕೆ ಇರಲಿಲ್ಲ. ಎರಡು ವರ್ಷಗಳ ಹಿಂದೆ ಹುಕ್ರಪ್ಪ ಅದನ್ನು ಕೇಳಿಕೊಂಡು ಬಂದಿದ್ದ. ಧರ್ಣಪ್ಪ ಆಗುವುದಿಲ್ಲ ಎಂದಿದ್ದ. ಹುಕ್ರಪ್ಪ ಕೇಳಿದ್ದು ತನ್ನ ಸತ್ತ ಮಗ ಕಮಲಾಕ್ಷನಿಗೆ ಧರ್ಣಪ್ಪನ ಸತ್ತ ಮಗಳು ಕಾಂತಿಯನ್ನು.

ಸತ್ತ ಮಕ್ಕಳಿಗೂ ಪ್ರಾಯ ಬರುತ್ತದೆ, ಪ್ರಾಯಕ್ಕೆ ಬಂದವರಿಗೆ ಮದುವೆ ಮಾಡಿಸಬೇಕು ಎಂಬುದು ಆ ಕಡೆಯ ನಂಬಿಕೆ. ಬರೇ ಬಾಯಿಮಾತಲ್ಲ, ಹುಡುಗಿ ನೋಡುವುದು, ಸೀರೆ ಬಳೆ ತರುವುದು, ಊಟ ಹಾಕುವುದು, ಎಲ್ಲ ಬದುಕಿದವರ ಮದುವೆಯ ಹಾಗೆಯೇ. ಮದುವೆಯಾದ ಮೇಲೆ ಹುಡುಗಿ ಗಂಡನ ಮನೆಯವಳು.

"ಅಕ್ಕ, ನಾನು ಒತ್ತಾಯ ಮಾಡ್ಲಿಕ್ಕೆ ಬಂದದ್ದಲ್ಲ" ಎಂದ ಹುಕ್ರಪ್ಪ ತಗ್ಗಿದ ದನಿಯಲ್ಲಿ. "ಸುದ್ದಿ ಸಿಕ್ಕಿದ ಕೂಡ್ಲೇ ಹೊರಟೆ. ಬಟ್ಟೆ ತರುವುದಾ ಬೇಡವಾ ಅಂತ ಎರಡು ಮನಸ್ಸಾಯ್ತು. ಕಡೆಗೆ ತಂದೆ. ನೆಂಟನಾಗಿ ಹೊದೆಸ್ಲಿಕ್ಕೆ ನೀವು ಹೇಳಿದ್ರೆ ಹೊದೆಸ್ತೇನೆ. ಇಲ್ಲದಿದ್ರೆ ಒಂದು ಹೂ ಹಾಕಿ ಹೋಗ್ತೇನೆ."

ಸರಸಳ ತಮ್ಮ ಮುಂಡಪ್ಪ ಬಾಗಿಲಲ್ಲಿ ನಿಂತಿದ್ದ. ಎಲ್ಲ ಕಾರ್ಯಕ್ಕೂ ಮುಂದೆ ನಿಲ್ಲುವವನು. ಬೆಳಿಗ್ಗೆ ಭಾವನ ಬಾಯಿಗೆ ತುಳಸಿ ನೀರು ಬಿಟ್ಟವನೂ ಅವನೇ. ನಾಸ್ತಿಕನೆಂದು ಹೆಸರು ಹೊತ್ತಿದ್ದ ಧರ್ಣಪ್ಪನ ಬಾಯಿ ಬೇಡವೆನ್ನಲೂ ಇಲ್ಲ, ಬೇಕೆನ್ನಲೂ ಇಲ್ಲ; ನೀರು ಕೆನ್ನೆಯ ಮೇಲೆ ಇಳಿದು ಹೋಯಿತು.

"ಇದ್ರಲ್ಲಿ ಕೇಳ್ಲಿಕ್ಕೆ ಏನುಂಟು?" ಎಂದ ಮುಂಡಪ್ಪ. "ಬೇಡ ಅಂದವರು ಇಲ್ಲಿ ಮಲಗಿದ್ದಾರೆ. ಹುಡುಗಿಯ ಸೋದರಮಾವ ನಾನು, ಕೊಡುವ ಹಕ್ಕು ನನಗುಂಟು. ಹೊದೆಸಿ ಹುಕ್ರಪ್ಪಣ್ಣ."

"ಮುಂಡಪ್ಪ, ನಿತ್ಯಾನಂದ ಬರ್ಲಿ" ಎಂದಳು ಸರಸ. "ಅಲ್ಲಿವರೆಗೆ ನನ್ನನ್ನು ಯೋಚನೆ ಮಾಡ್ಲಿಕ್ಕೆ ಬಿಡು."

ನಿತ್ಯಾನಂದ ಧರ್ಣಪ್ಪನ ಅಕ್ಕನ ಮಗ, ಚಿತೆಗೆ ಬೆಂಕಿ ಇಡಬೇಕಾದವನು. ಮೂಡುಬಿದಿರೆಯಿಂದ ಎರಡು ಬಸ್ಸು ಬದಲಿಸಿ ಬರಬೇಕು. ಅವನು ಬಂದ ಕೂಡಲೇ ಎತ್ತುವುದೆಂದು ಎಲ್ಲ ತಯಾರಾಗಿತ್ತು. ಸರಸಳಿಗೆ ಇದ್ದ ಅವಕಾಶ ಅಷ್ಟೇ.

ಬೇಡವೆನ್ನಲು ಅವಳಲ್ಲಿ ಕಾರಣವೇ ಇರಲಿಲ್ಲ. ಮಗಳ ಮದುವೆಯ ಆಸೆ ಅವಳಿಗೆ ಎಷ್ಟಿತ್ತೆಂದರೆ, ಊರಿನಲ್ಲಿ ಯಾರ ಮನೆಯ ಹುಡುಗಿ ಹಸೆಗೆ ಕುಳಿತರೂ ಅವಳು ಕಣ್ತುಂಬ ನೋಡಿ, ಮನೆಗೆ ಬಂದು ಊಟ ಬಿಟ್ಟು ಮಲಗುತ್ತಿದ್ದಳು. ಕಾಂತಿ ಇದ್ದಿದ್ದರೆ ಇಷ್ಟು ಎತ್ತರ ಇರುತ್ತಿದ್ದಳು, ಹಸಿರು ಸೀರೆ ಅವಳಿಗೆ ಒಪ್ಪುತ್ತಿತ್ತು ಎಂದೆಲ್ಲ ಲೆಕ್ಕ ಹಾಕುತ್ತಿದ್ದಳು. ಈಗ ಒಂದು ಸಲ ತಲೆಯಾಡಿಸಿದರೆ ಸಾಕಿತ್ತು. ತಡೆಯುವವರು ಯಾರೂ ಇರಲಿಲ್ಲ. ಅದೇ ಅವಳಿಗೆ ಸಂಕಟವಾಗಿತ್ತು.

*

ಮಗಳು ಸತ್ತ ಮೇಲೆ ಧರ್ಣಪ್ಪ ನಾಸ್ತಿಕನಾದ ಎಂದು ಊರಿನವರು ಹೇಳುತ್ತಿದ್ದರು. ಅದು ಸುಳ್ಳು. ಮೀಸೆ ಚಿಗುರುವ ಪ್ರಾಯದಲ್ಲಿ ಮಂಗಳೂರಿನ ಹಂಚಿನ ಕಾರ್ಖಾನೆಯಲ್ಲಿ ದುಡಿಯುವಾಗಲೇ, ಸಂಜೆಯ ಭಾಷಣಗಳನ್ನು ಕೇಳಿ ಕೇಳಿ ಅವನು ದೇವರನ್ನು ಬಿಟ್ಟಿದ್ದ. ಬಿಟ್ಟದ್ದು ಬೀಡಿ ಬಿಟ್ಟಷ್ಟೂ ಕಷ್ಟವಾಗಿರಲಿಲ್ಲ. ಮಾಣಿಗೆ ಬಂದು ಸೈಕಲ್ ಶಾಪ್ ಹಾಕಿದ ಮೇಲೆ, ಉತ್ಸವಕ್ಕೆ ವಂತಿಗೆ ಕೇಳಿಕೊಂಡು ಬಂದವರಿಗೆ "ನಾನು ನಾಸ್ತಿಕ. ಓಡಾಟಕ್ಕೆ ಸೈಕಲ್ ಬೇಕಾದ್ರೆ ಬಾಡಿಗೆ ಇಲ್ಲದೆ ತೆಗೊಂಡು ಹೋಗಿ" ಎನ್ನುತ್ತಿದ್ದ. ಅವರು ಬೈದುಕೊಂಡೇ ಸೈಕಲ್ ಒಯ್ಯುತ್ತಿದ್ದರು, ಚೈನು ಕಳಚಿಕೊಂಡು ಹಿಂದೆ ತರುತ್ತಿದ್ದರು. ಆಗೆಲ್ಲ ನಾಸ್ತಿಕನಾಗಿರುವುದು ಸುಲಭವಿತ್ತು. ಕಾಂತಿ ಮೂರು ವರ್ಷದವಳಾಗಿ ಜ್ವರ ಬಂದು ತೀರಿಕೊಂಡ ಮೇಲೆಯೇ ಅದು ಕಷ್ಟವಾದದ್ದು.

ಅವಳು ಸತ್ತ ವರ್ಷದ ಆಟಿ ತಿಂಗಳಲ್ಲಿ, ಮನೆಯಲ್ಲಿ ತೀರಿಕೊಂಡವರಿಗೆ ಬಡಿಸುವ ದಿನ ಬಂತು. ಹೊರಗೆ ಜಡಿಮಳೆ. ಸರಸ ಒಳಗಿನ ಕೋಣೆಯಲ್ಲಿ ಅತ್ತೆಗೆ, ಮಾವನಿಗೆ ಬಾಳೆಎಲೆ ಹಾಕಿ, ಅವುಗಳ ಪಕ್ಕದಲ್ಲಿ ಒಂದು ಸಣ್ಣ ಎಲೆ ಹಾಕಿದಳು. ಅನ್ನ, ಕೋಳಿ, ಮೀನು, ಹಿರಿಯರಿಗೆ ಸ್ವಲ್ಪ ಕಳ್ಳು, ಕಾಂತಿಗೆ ಬೆಲ್ಲದ ತುಂಡು. ಬಡಿಸಿದ ಮೇಲೆ ದೀಪವಿಟ್ಟು, ಎಲ್ಲರೂ ಹೊರಗೆ ಬಂದು ಬಾಗಿಲು ಹಾಕಿಕೊಳ್ಳಬೇಕು. ಸತ್ತವರು ಬಂದು ಉಣ್ಣುವಾಗ ಬದುಕಿದವರು ನೋಡಬಾರದು. ಸ್ವಲ್ಪ ಹೊತ್ತು ಬಿಟ್ಟು, ಕೆಮ್ಮಿ ಸದ್ದು ಮಾಡಿ ಬಾಗಿಲು ತೆಗೆಯುವುದು ಕ್ರಮ.

ಇಂಥದಕ್ಕೆಲ್ಲ ಬೆನ್ನು ಹಾಕಿ ಶಾಪಿಗೆ ಹೋಗಿಬಿಡುತ್ತಿದ್ದ ಧರ್ಣಪ್ಪ ಆ ದಿನ ಕೋಣೆಯೊಳಗೆ ಬಂದು ಚಕ್ಕಳಮಕ್ಕಳ ಹಾಕಿ ಕುಳಿತ.

"ಎದ್ದು ಬನ್ನಿ, ಬಾಗಿಲು ಹಾಕ್ಬೇಕು" ಎಂದಳು ಸರಸ.

"ನೀನು ಹಾಕು. ನಾನು ಇಲ್ಲೇ ಇರ್ತೇನೆ."

"ಮನುಷ್ಯರು ಕೂತ್ರೆ ಅವರು ಬರುವುದಿಲ್ಲ."

"ಅಪ್ಪ ಕೂತ್ರೂ ಬರುವುದಿಲ್ವಾ?"

ಸರಸ ದೀಪದ ಬತ್ತಿ ಸರಿಮಾಡಿದಳು. ಅವಳು ಬಾಗಿಲು ಎಳೆದುಕೊಂಡಳು. ಕೆಮ್ಮಿ ಬಾಗಿಲು ತೆಗೆದಾಗ ಅವನು ಎದ್ದು ಬಂದು, ಜಗಲಿಯಲ್ಲಿ ಕಾಯುತ್ತಿದ್ದ ನೆಂಟರ ಮುಂದೆ "ಯಾರೂ ಬರ್ಲಿಲ್ಲ" ಎಂದು ಹೇಳಿ, ಕೊಡೆ ಬಿಡಿಸಿ ಶಾಪಿಗೆ ಹೋದ.

ಪ್ರತಿ ವರ್ಷವೂ ಹಾಗೆಯೇ ಆಯಿತು. ನಾಸ್ತಿಕ ಧರ್ಣಪ್ಪ ಎಂಬ ಹೆಸರು ಗಟ್ಟಿಯಾದದ್ದು ಇದರಿಂದಲೇ. ಸತ್ತವರನ್ನು ಗೇಲಿ ಮಾಡಲು ಒಳಗೆ ಕೂರುತ್ತಾನೆ ಎಂದರು. ಎಲೆಯಲ್ಲಿದ್ದ ಕೋಳಿಯನ್ನು ಅವನೇ ಮುಗಿಸುತ್ತಾನೆ, ಅದಕ್ಕೇ ಈ ನಾಸ್ತಿಕತನ ಎಂದರು. ಊರ ಬಾಯಿಗೆ ಬೀಗ ಹಾಕುವವರು ಯಾರು? ಎಲೆಗಳನ್ನು ತೆಗೆಯುತ್ತಿದ್ದುದು ಸರಸ ಒಬ್ಬಳೇ.

*

ಸುಗ್ಗಿ ತಿಂಗಳ ಬಿಸಿಲು ಅಂಗಳಕ್ಕೆ ಇಳಿದಿತ್ತು. ಗಂಡಸರು ಚಪ್ಪರದ ನೆರಳಿನಲ್ಲಿ ಬೆಂಚು ಹಾಕಿಕೊಂಡು ಕುಳಿತಿದ್ದರು. ಧರ್ಣಪ್ಪನ ಶಾಪಿನ ಪಕ್ಕದಲ್ಲಿ ಜವಳಿ ಅಂಗಡಿ ಇಟ್ಟಿದ್ದ ಮೂಸಬ್ಬ ಬ್ಯಾರಿ, ಆ ದಿನ ಅಂಗಡಿ ತೆರೆಯದೆ ಬೆಳಗಿನಿಂದ ಅಲ್ಲೇ ಇದ್ದ. ಕಣ್ಣು ಕೆಂಪಾಗಿತ್ತು.

"ನಾಸ್ತಿಕನ ಕಾಷ್ಠ ಸರಿಯಾಗಿ ಹೊತ್ತಿಕೊಳ್ತದಾ ಬ್ಯಾರಿಗಳೇ?" ಎಂದು ಒಬ್ಬ ಮುದುಕ ಕೇಳಿದ. ಕುಹಕವೇನಿರಲಿಲ್ಲ; ಸುಮ್ಮನೆ ಕೂರಲು ಆಗದೆ ಕೇಳಿದ್ದು.

"ಹೊತ್ತಿಕೊಳ್ತದೆ. ಬೆಂಕಿಗೆ ಇದೆಲ್ಲ ಗೊತ್ತಿಲ್ಲ" ಎಂದ ಮೂಸಬ್ಬ.

"ಅಲ್ಲ, ಒಳ್ಳೆ ಮನುಷ್ಯ. ಬಾಯಿಬಿಟ್ಟು ಹಾಗೆ ಹೇಳಿಕೊಂಡು ತಿರುಗುವ ಅಗತ್ಯ ಏನಿತ್ತು? ದೇವರಿಲ್ಲದಿದ್ರೆ ಇಲ್ಲ. ಮನಸ್ಸಲ್ಲಿ ಇಟ್ಕೊಳ್ಬಹುದಿತ್ತು."

"ನಾನೂ ಅದೇ ಕೇಳಿದ್ದೆ." ಮೂಸಬ್ಬ ಟೊಪ್ಪಿ ತೆಗೆದು ಹಣೆ ಒರೆಸಿಕೊಂಡ. "ಧರ್ಣಪ್ಪ, ನಿನ್ನ ನಂಬಿಕೆ ನಿನಗೆ, ಬೋರ್ಡು ಹಾಕುವುದು ಯಾಕೆ ಮಾರಾಯ ಅಂತ. ಅವನು ಪಂಕ್ಚರ್ ಹಾಕ್ತಾ ಇದ್ದ. ಟ್ಯೂಬು ನೀರಿಗೆ ಅದ್ದಿಕೊಂಡೇ ಹೇಳಿದ. ಹೇಳದಿದ್ರೆ ಜನ ಬಂದು ಸಮಾಧಾನ ಮಾಡ್ತಾರೆ ಮೂಸಬ್ಬ, ಮಗು ದೇವರ ಹತ್ತಿರ ಉಂಟು, ಸುಖವಾಗಿ ಉಂಟು ಅಂತ. ಅದನ್ನು ಕೇಳ್ಲಿಕ್ಕೆ ನನ್ನಿಂದ ಆಗುವುದಿಲ್ಲ. ನಾಸ್ತಿಕ ಅಂದ್ರೆ ಸಾಕು, ಯಾರೂ ಹತ್ತಿರ ಬರುವುದಿಲ್ಲ ಅಂದ."

ಮುದುಕ ಬೆಂಚಿನ ಮೇಲೆ ಅವನ ಹತ್ತಿರಕ್ಕೆ ಸರಿದ. "ನೀವು ಏನು ಹೇಳಿದ್ರಿ?"

"ಏನು ಹೇಳುವುದು? ನಾನೂ ಹಾಗೆಯೇ ಸಮಾಧಾನ ಹೇಳಿದವನು. ಐದು ಹೊತ್ತು ನಮಾಜು ಮಾಡುವವನು ನಾನು, ನನಗೆ ಬೇರೆ ಮಾತು ಬರುವುದಿಲ್ಲ. ಆ ದಿನದಿಂದ ಅವನ ಹತ್ತಿರ ಆ ಮಾತು ಎತ್ಲಿಲ್ಲ. ಚಾ ಮಾತ್ರ ಕುಡೀತಿದ್ವಿ."

ಒಳಗೆ ಮುಂಡಪ್ಪ ಅಕ್ಕನ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಪಿಸುಗುಟ್ಟುತ್ತಿದ್ದ. "ಇಂಥ ಸಂಬಂಧ ಪುನಃ ಬರ್ಲಿಕ್ಕಿಲ್ಲ ಅಕ್ಕ. ಒಳ್ಳೆ ಮನೆತನ. ಎರಡು ವರ್ಷ ಕಾದಿದ್ದಾರೆ, ಬೇರೆ ಹುಡುಗಿ ನೋಡ್ಲಿಲ್ಲ. ಅವರ ಹೆಂಡತಿಗೆ ಈಗಲೂ ಕನಸು ಬೀಳ್ತದಂತೆ. ಹುಡುಗ ಅಂಗಳದವರೆಗೆ ಬಂದು ನಿಲ್ತಾನೆ, ಒಳಗೆ ಬರುವುದಿಲ್ಲ, ನನಗೆ ಯಾರೂ ಇಲ್ಲವಾ ಅಂತ ಕೇಳ್ತಾನಂತೆ. ನಿನಗೂ ಆಸೆ ಇತ್ತಲ್ಲ. ನನ್ನ ಹತ್ತಿರ ಅತ್ತದ್ದು ಮರೆತೆಯಾ?"

"ಮರೀಲಿಲ್ಲ."

"ಭಾವನಿಗೆ ಹೆದರಿ ಸುಮ್ಮನಿದ್ದಿ ಅಂತ ನಾನು ತಿಳಿದದ್ದು. ಇನ್ನು ಯಾರಿಗೆ ಹೆದರುವುದು?"

"ಅವರಿಗೆ ನಾನು ಯಾವತ್ತೂ ಹೆದರ್ಲಿಲ್ಲ ಮುಂಡಪ್ಪ" ಎಂದಳು ಸರಸ.

*

ಹುಕ್ರಪ್ಪ ಹೆಣ್ಣು ಕೇಳಲು ಬಂದದ್ದು ಒಂದು ಭಾನುವಾರ. ಎಲೆ ಅಡಿಕೆ, ಬೆಲ್ಲ, ಬಾಳೆಹಣ್ಣು ತಟ್ಟೆಯಲ್ಲಿಟ್ಟು, ಕಮಲಾಕ್ಷ ಚಿಕ್ಕಂದಿನಲ್ಲಿ ಹೊಳೆಯಲ್ಲಿ ಮುಳುಗಿ ಹೋದದ್ದನ್ನು ಹೇಳಿದ. ಈಗ ಅವನಿಗೆ ಇಪ್ಪತ್ತಮೂರು ಎಂದ, "ಇರುತ್ತಿತ್ತು" ಎನ್ನಲಿಲ್ಲ. ಧರ್ಣಪ್ಪ ಅವನಿಗೆ ಚಾ ಕೊಡಿಸಿ, ಮಾತನ್ನೆಲ್ಲ ಕೊನೆಯವರೆಗೆ ಕೇಳಿ, "ಹುಕ್ರಪ್ಪಣ್ಣ, ನಾನು ನಾಸ್ತಿಕ. ನಮ್ಮಲ್ಲಿ ಕೊಡ್ಲಿಕ್ಕೆ ಹುಡುಗಿ ಇಲ್ಲ. ಅವಳು ಸತ್ತುಹೋದಳು" ಎಂದ. ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಂದೆ ಕೊಟ್ಟ. ಬಸ್ಸಿನವರೆಗೆ ಹೋಗಿ ಹತ್ತಿಸಿ ಬಂದ.

ಅವನು ಹಿಂದೆ ಬರುವಷ್ಟರಲ್ಲಿ ಸರಸ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅಷ್ಟು ವರ್ಷ ಒಳಗಿಟ್ಟುಕೊಂಡದ್ದೆಲ್ಲ ಆ ದಿನ ಹೊರಗೆ ಬಂತು.

"ನಿಮಗೆ ನಿಮ್ಮ ಹಟವೇ ದೊಡ್ಡದಾಯ್ತು. ದೇವರಿಲ್ಲ ಅಂತ ಊರಿಡೀ ಹೇಳಿಕೊಂಡು ತಿರುಗಿದ್ರಿ, ನಾನು ಸುಮ್ಮನಿದ್ದೆ. ಸತ್ತವರ ಕೋಣೆಯಲ್ಲಿ ಕೂತು ಯಾರೂ ಬರ್ಲಿಲ್ಲ ಅಂತ ನೆಂಟರ ಎದುರು ಹೇಳಿದ್ರಿ, ಅದಕ್ಕೂ ಸುಮ್ಮನಿದ್ದೆ. ನನ್ನ ಮಗಳ ತಲೆಗೆ ಒಂದು ಮೊಳ ಮಲ್ಲಿಗೆ ಮುಡಿಸ್ಲಿಕ್ಕೂ ಬಿಡುವುದಿಲ್ವಾ ನೀವು?"

ಧರ್ಣಪ್ಪ ಮೆಟ್ಟಿಲ ಮೇಲೆ ಕುಳಿತ. ಅಳುವ ಗಂಡಸಲ್ಲ ಅವನು, ಆ ದಿನವೂ ಅಳಲಿಲ್ಲ.

"ಮದುವೆ ಆದ್ರೆ ಅವಳ ಎಲೆ ಎಲ್ಲಿ ಹಾಕುವುದು?"

"ಗಂಡನ ಮನೆಯಲ್ಲಿ. ಮತ್ತೆಲ್ಲಿ?"

"ಇಲ್ಲಿ ಹಾಕ್ಲಿಕ್ಕಿಲ್ಲ ಅಲ್ವಾ?"

"ಕೊಟ್ಟ ಹೆಣ್ಣಿಗೆ ಇಲ್ಲಿ ಹೇಗೆ ಹಾಕುವುದು?"

"ಅದೇ, ಸರಸ." ಅವನು ಅಂಗಳ ನೋಡಿಕೊಂಡೇ ಹೇಳಿದ. "ನಿನಗೆ ಅವಳು ಎಲ್ಲೋ ಇದ್ದಾಳೆ. ಬೆಳೆದಿದ್ದಾಳೆ, ಮದುವೆಗೆ ಬಂದಿದ್ದಾಳೆ. ಬೆಳ್ತಂಗಡಿಗೆ ಕಳಿಸಿದ್ರೂ ಇರ್ತಾಳೆ. ನನಗೆ ಹಾಗಲ್ಲ ಮಾರಾಯ್ತಿ. ನನಗೆ ಅವಳು ಎಲ್ಲಿಯೂ ಇಲ್ಲ. ಆ ಎಲೆ ಒಂದುಂಟು. ವರ್ಷಕ್ಕೊಂದು ಸಲ ಅದರ ಮುಂದೆ ಕೂತ್ಕೊಳ್ತೇನೆ. ಬರುವುದಿಲ್ಲ ಅಂತ ಗೊತ್ತುಂಟು, ಆದ್ರೂ ಬಾಗಿಲ ಕಡೆ ನೋಡ್ತೇನೆ. ಅದನ್ನೂ ಕೊಟ್ರೆ ನನ್ನ ಹತ್ತಿರ ಏನುಂಟು?"

ಸರಸ ಒಳಗೆ ಹೋಗಿ ಒಲೆಯ ಮುಂದೆ ಕುಳಿತು ಮನಸಾರೆ ಅತ್ತಳು. ನಂಬುವ ನಾವೆಲ್ಲ ಬಾಗಿಲು ಹಾಕಿ ಹೊರಗೆ ನಿಂತು ಲೋಕಾಭಿರಾಮ ಮಾತಾಡುತ್ತಿದ್ದೆವು. ನಂಬದ ಇವರೊಬ್ಬರೇ ಒಳಗೆ ಕೂತು ಕಾದರು. ಇದು ಅವಳಿಗೆ ಆ ದಿನ ಹೊಳೆಯಿತು. ಮದುವೆಯ ಮಾತನ್ನು ಅವಳು ಮತ್ತೆ ಎತ್ತಲಿಲ್ಲ. ಆಸೆ ಮಾತ್ರ ಹೋಗಲಿಲ್ಲ. ಆಸೆ ಹೇಳಿದ ಮಾತು ಕೇಳುವ ವಸ್ತುವಲ್ಲ.

*

"ನಿತ್ಯಾನಂದ ಬಂದ" ಎಂದು ಅಂಗಳದಲ್ಲಿ ಯಾರೋ ಹೇಳಿದರು. ಧೂಳು ಹಿಡಿದ ಪಂಚೆಯಲ್ಲೇ ಒಳಗೆ ಬಂದ ಹುಡುಗ ಮಾವನ ಕಾಲು ಮುಟ್ಟಿ, ಸ್ನಾನಕ್ಕೆಂದು ಬಾವಿಯ ಕಡೆ ಹೋದ. ಹೊರಗೆ ಬಿದಿರಿನ ಚಟ್ಟವನ್ನು ಬಾಗಿಲ ಹತ್ತಿರ ತಂದಿಟ್ಟ ಸದ್ದು ಕೇಳಿತು.

"ಅಕ್ಕ, ಇನ್ನು ತಡ ಮಾಡ್ಲಿಕ್ಕಾಗುವುದಿಲ್ಲ" ಎಂದ ಮುಂಡಪ್ಪ.

ಸರಸ ಹುಕ್ರಪ್ಪನನ್ನು ಕರೆದಳು. ಅವನು ಬಂದು ಎದುರು ಕುಳಿತ. ಬಟ್ಟೆ ಅವನ ತೊಡೆಯ ಮೇಲಿತ್ತು.

"ಹುಕ್ರಪ್ಪಣ್ಣ, ನನಗೆ ಮಗಳ ಮದುವೆ ಆಗ್ಬೇಕು. ನಿಮ್ಮ ಹುಡುಗನ ಮೇಲೆ ನನಗೆ ಬೇರೆ ಮಾತೇ ಇಲ್ಲ. ಆದ್ರೆ ಹುಡುಗಿಯನ್ನು ಕಳಿಸ್ಲಿಕ್ಕೆ ಆಗುವುದಿಲ್ಲ. ಹುಡುಗ ಇಲ್ಲಿಗೆ ಬರ್ಲಿ. ಮನೆ ಅಳಿಯ ಆಗಿ ಇರ್ಲಿ. ಅವಳ ಎಲೆಯ ಪಕ್ಕ ಅವನಿಗೂ ಎಲೆ ಹಾಕ್ತೇನೆ, ನಾನು ಇರುವಷ್ಟು ವರ್ಷ ತಪ್ಪಿಸುವುದಿಲ್ಲ."

ಮುಂಡಪ್ಪನಿಗೆ ಇದು ಸರಿ ಕಂಡಿತು. "ಅದೂ ಆಗ್ತದೆ. ಬದುಕಿದವರಲ್ಲಿ ಇಲ್ವಾ ಮನೆ ಅಳಿಯಂದಿರು? ಒಪ್ಪಿಬಿಡಿ ಹುಕ್ರಪ್ಪಣ್ಣ."

ಹುಕ್ರಪ್ಪ ಒಪ್ಪಲು ಬಾಯಿ ತೆರೆದ. ಎರಡು ವರ್ಷ ಕಾದಿದ್ದ ಮನುಷ್ಯ. ಮಗನಿಗೆ ಹೆಣ್ಣು ಸಿಕ್ಕಿತು, ಹೆಂಡತಿಯ ಕನಸು ತೀರಿತು ಎಂದು ಅವನ ಮುಖ ಒಂದು ಕ್ಷಣ ಅರಳಿತು. ಆಮೇಲೆ ಹಾಗೆಯೇ ಬಾಡಿತು. ಅವನು ಬಟ್ಟೆಯ ಅಂಚನ್ನು ಬೆರಳಿನಿಂದ ತೀಡುತ್ತ ಕುಳಿತ.

"ಅವನು ಎಡಚ, ಅಕ್ಕ" ಎಂದ ಕಡೆಗೆ. "ನೀರಿನ ಲೋಟ ಎಡಕ್ಕೆ ಇಡ್ಬೇಕು. ಬಲಕ್ಕೆ ಇಟ್ರೆ ಕೈತಪ್ಪಿ ಚೆಲ್ತಾನೆ. ನನ್ನ ಹೆಂಡತಿ ಈಗಲೂ ಅವನ ಎಲೆಗೆ ಲೋಟ ಎಡಕ್ಕೇ ಇಡುವುದು. ಇಟ್ಟು, ಸರಿ ಉಂಟಾ ಅಂತ ನನ್ನನ್ನು ಕೇಳ್ತಾಳೆ."

"ನಾನೂ ಎಡಕ್ಕೇ ಇಡ್ತೇನೆ, ಹೇಳಿದ್ರಲ್ಲ."

"ನೀವು ಇಡ್ತೀರಿ. ಅವಳು ಏನು ಮಾಡುವುದು ಆ ದಿನ?"

ಸರಸಳಿಗೆ ಇದರ ಉತ್ತರ ಗೊತ್ತಿತ್ತು. ಮೆಟ್ಟಿಲ ಮೇಲೆ ಕುಳಿತ ಗಂಡನಿಂದ ಕೇಳಿದ್ದಳು. ಅವಳು ಕೈಯೆತ್ತಿ ಹುಕ್ರಪ್ಪನನ್ನು ತಡೆದಳು.

"ಬೇಡ ಹುಕ್ರಪ್ಪಣ್ಣ. ನಿಮ್ಮ ಹೆಂಡತಿಯಿಂದ ಅದನ್ನು ಕಿತ್ಕೊಳ್ಬೇಡಿ. ನಾನು ಕೇಳಿದ್ದೇ ತಪ್ಪು." ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಹೇಳಿದಳು. "ನಮ್ಮ ಕಾಂತಿಗೆ ಹೊಳೆಮೀನು ಅಂದ್ರೆ ಪ್ರಾಣ. ಹೊಳೆಮೀನಿಗೆ ಮುಳ್ಳು ಜಾಸ್ತಿ. ಒಂದು ಸಲ ಗಂಟಲಲ್ಲಿ ಸಿಕ್ಕಿ ತುಂಬಾ ಕೂಗಿದ್ದಳು. ಆಮೇಲೆ ನಾನು ತೆಗೆದು ಕೊಟ್ರೆ ತಿನ್ತಿರ್ಲಿಲ್ಲ, ಅಪ್ಪನೇ ತೆಗೀಬೇಕು. ಪ್ರತಿ ಆಟಿಯಲ್ಲಿ ನಾನು ಬಾಗಿಲು ತೆಗೆದು ಎಲೆ ಎತ್ತುವಾಗ ಅವಳ ಎಲೆಯ ಮೀನಿನಲ್ಲಿ ಒಂದು ಮುಳ್ಳು ಇರ್ತಿರ್ಲಿಲ್ಲ. ಎಲ್ಲಾ ತೆಗೆದು ಅಂಚಿಗೆ ಇಟ್ಟಿರ್ತಿದ್ರು. ನಾನು ಕೇಳ್ಲಿಲ್ಲ, ಅವರು ಹೇಳ್ಲಿಲ್ಲ. ಕೋಳಿ ತಿನ್ಲಿಕ್ಕೆ ಕೂರುವುದು ಅಂತ ಊರಿನವರು ಹೇಳಿದ್ದು ಅವರ ಕಿವಿಗೂ ಬಿದ್ದಿತ್ತು. ಆಗಲೂ ಹೇಳ್ಲಿಲ್ಲ."

ಮುಂಡಪ್ಪ ತಲೆ ತಗ್ಗಿಸಿದ. ಆ ಕೋಳಿಯ ತಮಾಷೆಯನ್ನು ಅವನೂ ಎಷ್ಟೋ ಸಲ ಹೇಳಿ ನಕ್ಕಿದ್ದ.

"ಹಾಗಾದ್ರೆ ನೆಂಟಸ್ತಿಕೆ?" ಎಂದ ಸಣ್ಣ ದನಿಯಲ್ಲಿ, ಕೇಳಬೇಕಲ್ಲ ಎಂದು.

"ಬೇಡ ಮುಂಡಪ್ಪಣ್ಣ. ಮಕ್ಕಳು ಇದ್ದಲ್ಲೇ ಇರ್ಲಿ" ಎಂದ ಹುಕ್ರಪ್ಪ. "ಬಟ್ಟೆ ತಂದಾಗಿದೆ. ಹೊದೆಸಿ ಹೋಗ್ತೇನೆ, ಆಗದಾ ಅಕ್ಕ?"

"ಹೊದೆಸಿ."

ಯಾವ ಹಕ್ಕಿನಿಂದ ಎಂದು ಯಾರೂ ಕೇಳಲಿಲ್ಲ. ಹೆಂಗಸರು ಜರುಗಿ ದಾರಿ ಮಾಡಿಕೊಟ್ಟರು. ಹುಕ್ರಪ್ಪ ಮೊಣಕಾಲೂರಿ ಕುಳಿತು, ಬಟ್ಟೆಯನ್ನು ಪಾದದಿಂದ ಮೇಲಕ್ಕೆ ನಿಧಾನವಾಗಿ ಎಳೆದ. ಎಡಗೈಯನ್ನು ಒಳಗೆ ಸೇರಿಸಿದ. ಬಲಗೈಯನ್ನು ಎತ್ತಿ ತನ್ನ ಅಂಗೈಯ ಮೇಲಿಟ್ಟುಕೊಂಡು ನೋಡಿದ. ಬೆರಳುಗಳು ದಪ್ಪ, ಒರಟು. ಚೈನಿನ ಎಣ್ಣೆ ಉಗುರಿನ ಸಂದಿಯಲ್ಲಿ ಕಪ್ಪಾಗಿ ನಿಂತಿತ್ತು, ಬೆಳಗಿನ ಸ್ನಾನದಲ್ಲೂ ಹೋಗಿರಲಿಲ್ಲ. ಅವನು ಆ ಕೈಯನ್ನು ಬಟ್ಟೆಯ ಒಳಗೆ ಇಡಲಿಲ್ಲ. ಎದೆಯ ಮೇಲೆ, ಬಿಳಿ ಬಟ್ಟೆಯ ಹೊರಗೆ, ಮೆಲ್ಲನೆ ಇಟ್ಟ.

ಚಟ್ಟಕ್ಕೆ ಕಟ್ಟುವಾಗ ಮುಂಡಪ್ಪ ಅದನ್ನು ಕಂಡು, ಒಳಗೆ ಸೇರಿಸಲು ಕೈ ಚಾಚಿ, ಅಕ್ಕನ ಕಡೆ ನೋಡಿದ. ಸರಸ ಬೇಡವೆಂದು ತಲೆಯಾಡಿಸಿದಳು. ನಾಲ್ವರು ಎತ್ತಿಕೊಂಡರು. ಅಂಗಳ ದಾಟಿ, ಮೂಸಬ್ಬ ಟೊಪ್ಪಿ ಕೈಯಲ್ಲಿ ಹಿಡಿದು ನಿಂತಿದ್ದ ಜಾಗ ದಾಟಿ, ಧರ್ಣಪ್ಪ ಹೋದ. ಬಿಳಿ ಬಟ್ಟೆಯ ಮೇಲೆ ಆ ಕಪ್ಪು ಬೆರಳುಗಳು, ಈಗಷ್ಟೇ ಊಟದ ಮುಂದೆ ಕುಳಿತವನ ಹಾಗೆ, ತುಸು ಮಡಿಸಿಕೊಂಡಿದ್ದವು.